ಪೂರ್ವ ವಲಯದ ಅಧ್ಯಕ್ಷಗಿರಿಗೆ ನಾನು ನಿಂತದ್ದು

ನಾಲ್ಕು ಜನ ಎಂಜಿನಿಯರುಗಳು ಒಂದು ಕಡೆ ಸೇರಿದರೆ ಏನಾದರೊಂದು ಆಗಿಯೇ ಆಗುತ್ತದೆ. ಆಗುವುದು ಮಾತ್ರ ಅವರು ಲೆಕ್ಕ ಹಾಕಿದ್ದಲ್ಲ. ನಾನೂ ಎಂಜಿನಿಯರೇ ಆದ್ದರಿಂದ ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ಕೂತು, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು ನಾನು. ಹಾಗಾಗಿ ತಪ್ಪುಗಳು ನನ್ನನ್ನು ಕಂಡರೆ ತಾವೇ ಎದ್ದು ಬರುತ್ತವೆ.

ಪೇಜರುಗಳು ಹೋಗಿ ಮೊಬೈಲುಗಳು ಬರುತ್ತಿದ್ದ ಕಾಲ ಅದು. ನಮ್ಮದೊಂದು ಎಂಜಿನಿಯರುಗಳ ಸಂಘವಿತ್ತು. ಅದರ ಪೂರ್ವ ವಲಯವೆಂದರೆ ಶಿವಾಜಿನಗರದಿಂದ ಹಿಡಿದು ಹಲಸೂರು, ಇಂದಿರಾನಗರ, ದೊಮ್ಮಲೂರು ದಾಟಿ ಕೆ.ಆರ್. ಪುರದ ತನಕ. ಸದಸ್ಯರು ಇನ್ನೂರು ಚಿಲ್ಲರೆ. ಆ ವಲಯದ ಅಧ್ಯಕ್ಷಗಿರಿಗೆ ಒಂದು ಸಲ ನಾನು ನಿಂತೆ. ಅಧ್ಯಕ್ಷರಾದರೆ ಸಂಬಳವಿಲ್ಲ, ಕಾರಿಲ್ಲ. ಲೆಟರ್‌ಹೆಡ್ಡಿನ ಮೇಲೆ ಹೆಸರು ಬರುತ್ತದೆ, ಅಷ್ಟೇ. ಆದರೆ ಅದು ನನಗೆ ಎಷ್ಟು ಬೇಕಾಗಿತ್ತು ಎನ್ನುವುದನ್ನು ಅದುವರೆಗೆ ನನ್ನ ಹೆಂಡತಿಯ ಹತ್ತಿರ ಕೂಡ ಪೂರ್ತಿ ಹೇಳಿರಲಿಲ್ಲ.

ಇನ್ನೆರಡು ಬೋಂಡ

ಹನ್ನೊಂದು ವರ್ಷ ನಾನು ವಲಯದ ಜಂಟಿ ಕಾರ್ಯದರ್ಶಿ. ಹೆಸರು ದೊಡ್ಡದು, ಕೆಲಸ ತಿಂಡಿಯದು. ತಿಂಗಳಿಗೊಂದು ಉಪನ್ಯಾಸ ಇರುತ್ತಿತ್ತು. ಅದಕ್ಕೆ ಹಲಸೂರಿನಲ್ಲೊಂದು ಸಭಾಂಗಣ ಬುಕ್ ಮಾಡುವುದು, ಮೈಕಿನವನನ್ನು ಹಿಡಿದು ತರುವುದು, ಬ್ಯಾನರಿನಲ್ಲಿ ಉಪನ್ಯಾಸಕರ ಹೆಸರು ಸರಿಯಿದೆಯೇ ನೋಡುವುದು, ಬೋಂಡ ಆರದ ಹಾಗೆ ತರಿಸುವುದು, ಇವೆಲ್ಲ ನನ್ನದು. ವೇದಿಕೆಯ ಮೇಲೆ ಐದು ಕುರ್ಚಿ. ನಡುವಿನದು ಅಧ್ಯಕ್ಷರದು. ಉಳಿದ ನಾಲ್ಕರಲ್ಲಿ ಯಾವುದೂ ನನ್ನದಲ್ಲ. ಮೈಕಿನ ವೈರನ್ನು ಯಾರೂ ತುಳಿಯದ ಹಾಗೆ ಕಾಯಲು ಮೆಟ್ಟಿಲ ಪಕ್ಕ ನನಗೊಂದು ಸ್ಟೂಲು.

ಅಧ್ಯಕ್ಷರು ಸರ್ಕಾರಿ ಇಲಾಖೆಯಿಂದ ನಿವೃತ್ತರಾದ ಚೀಫ್ ಎಂಜಿನಿಯರ್. ಇಂದಿರಾನಗರದಲ್ಲಿ ಸ್ವಂತ ಮನೆ. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಎಲ್ಲರೂ ಅವರನ್ನು ಚೀಫ್ ಎಂದೇ ಕರೆಯುತ್ತಿದ್ದೆವು. ಪ್ರತಿ ಚುನಾವಣೆಗೂ ಅವರೊಬ್ಬರೇ ನಾಮಪತ್ರ ಹಾಕುತ್ತಿದ್ದರು, ಅವಿರೋಧವಾಗಿ ಆಯ್ಕೆಯಾಗುತ್ತಿದ್ದರು, ಆಮೇಲೆ ಇದನ್ನು ನಿರೀಕ್ಷಿಸಿಯೇ ಇರಲಿಲ್ಲ ಎನ್ನುವಂತೆ ಎಲ್ಲರಿಗೂ ಧನ್ಯವಾದ ಹೇಳುತ್ತಿದ್ದರು.

ಒಂದು ದಿನ ಹೊರರಾಜ್ಯದಿಂದ ಒಬ್ಬ ದೊಡ್ಡ ತಜ್ಞರು ಬಂದು ಯಂತ್ರಗಳ ಕಂಪನದ ಬಗ್ಗೆ ಮಾತಾಡಿದರು. ಆಮೇಲೆ ತಿಂಡಿ. ತಜ್ಞರು ಖಾಲಿ ತಟ್ಟೆಯನ್ನು ನೇರವಾಗಿ ನನ್ನ ಕೈಗಿಟ್ಟು, ಇನ್ನೆರಡು ಬೋಂಡ ಹಾಕಿಸಿಕೊಡಿ ಎಂದರು. ತಂದುಕೊಟ್ಟೆ. ಒಂದು ಬಾಯಿಗೆ ಹಾಕಿಕೊಂಡು, "ಬಹಳ ಚೆನ್ನಾಗಿದೆ. ಈ ಕೇಟರಿಂಗ್ ಎಷ್ಟು ವರ್ಷದಿಂದ ಮಾಡ್ತಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಚೀಫ್ ಪಕ್ಕದಲ್ಲೇ ನಿಂತಿದ್ದರು. ನಾನು ಅವರ ಮುಖ ನೋಡಿದೆ. ಈಗ ಹೇಳುತ್ತಾರೆ, ಇವರು ನಮ್ಮ ಜಂಟಿ ಕಾರ್ಯದರ್ಶಿ, ಹಿರಿಯ ತಪಾಸಣಾ ಎಂಜಿನಿಯರ್ ಅಂತ.

"ಹನ್ನೊಂದು ವರ್ಷದಿಂದ," ಎಂದರು ಚೀಫ್. "ಒಂದು ಸಲವೂ ಕೈ ಕೊಟ್ಟಿಲ್ಲ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ನನಗೆ ಅಳು ಬರುವುದೊಂದು ಬಾಕಿ. ಈ ಸಲ ಚುನಾವಣೆಗೆ ನಿಲ್ಲುತ್ತೇನೆ, ಸಾಯುವುದರೊಳಗೆ ಒಂದು ಸಲವಾದರೂ ಆ ನಡುವಿನ ಕುರ್ಚಿಯಲ್ಲಿ ಕೂರಬೇಕು ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅದಿರಲಿ, ಅವರು ಹಾಗಂದಾಗ ನೀವೇನ್ ಹೇಳಿದ್ರಿ?" ಎಂದಳು.

"ಚಟ್ನಿ ಹಾಕ್ಲಾ ಅಂದೆ."

ಲೋಡ್ ಟೆಸ್ಟು

ನಾಮಪತ್ರಕ್ಕೆ ಒಬ್ಬ ಸೂಚಕರು ಬೇಕು. "ಅಭ್ಯರ್ಥಿಯನ್ನು ನಾನು ಬಲ್ಲೆ, ಈ ಹುದ್ದೆಯನ್ನು ಹೊರಲು ಅವರು ಸಮರ್ಥರು" ಎಂದು ಬರೆದು ಸಹಿ ಹಾಕಬೇಕು. ನಾನು ಶಿವಾಜಿನಗರದ ಗೆಳೆಯರೊಬ್ಬರ ಬಳಿ ಹೋದೆ. ಅವರು ಕಟ್ಟಡಗಳ ಲೆಕ್ಕ ಹಾಕುವ ಎಂಜಿನಿಯರ್. ನಾವು ಅವರನ್ನು ಸ್ಲ್ಯಾಬ್ ಸಾಹೇಬರು ಎನ್ನುತ್ತಿದ್ದೆವು. ಯಾರದೇ ಹೊಸ ತಾರಸಿಯಾಗಲಿ, ಅದರ ಮೇಲೆ ಮರಳಿನ ಚೀಲ ಪೇರಿಸಿ ಎಷ್ಟು ಬಾಗಿತು ಎಂದು ಅಳೆದು, ಚೀಲ ಇಳಿಸಿದ ಮೇಲೆ ಎಷ್ಟು ಮೇಲೆ ಬಂತು ಎಂದು ಮತ್ತೆ ಅಳೆದು, ಬಾಗಿದ್ದರಲ್ಲಿ ಮುಕ್ಕಾಲು ಪಾಲಾದರೂ ವಾಪಸ್ ಬಂದರೆ ಮಾತ್ರ ಪಾಸು ಮಾಡುವವರು.

ನಾಮಪತ್ರ ಓದಿ ಕನ್ನಡಕ ತೆಗೆದರು. "ಭಾಯ್, 'ಹೊರಲು ಸಮರ್ಥರು' ಅಂತ ಬರ್ದಿದೆ. ಟೆಸ್ಟ್ ಮಾಡದೆ ನಾನು ಹೆಂಗೆ ಹೇಳ್ಲಿ?"

"ಇಪ್ಪತ್ತು ವರ್ಷದಿಂದ ನನ್ನನ್ನ ನೋಡಿದ್ದೀರಲ್ಲ ಸಾಹೇಬ್ರೆ!"

"ನೋಡಿದ್ದೀನಿ. ಲೋಡ್ ಹಾಕಿ ನೋಡಿಲ್ಲ."

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಇಲ್ಲ. ಅಧ್ಯಕ್ಷರ ಮೇಲೆ ಬೀಳುವ ಭಾರ ಯಾವುದು ಎಂದು ಅವರೇ ಯೋಚಿಸಿ, ಭಾಷಣ ಎಂದು ತೀರ್ಮಾನಿಸಿದರು. ನಮ್ಮ ಉಪನ್ಯಾಸ ಒಂದು ಗಂಟೆಯದು. ಪರೀಕ್ಷೆಗೆ ಒಂದೂಕಾಲು ಪಟ್ಟು ಹಾಕಬೇಕು. ನನ್ನನ್ನು ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂರಿಸಿದರು. ನನ್ನ ನೆತ್ತಿಯ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಆಮೇಲೆ ಎದುರು ಕೂತು, ಗೋಡೆ ಬಿರುಕುಗಳ ಬಗ್ಗೆ ತಾವೇ ಬರೆದ ಪ್ರಬಂಧವನ್ನು ಒಂದೇ ದನಿಯಲ್ಲಿ ಓದತೊಡಗಿದರು.

ಮೊದಲ ಇಪ್ಪತ್ತು ನಿಮಿಷ ನೆಟ್ಟಗೆ ಕೂತಿದ್ದೆ. ಅಡ್ಡ ಬಿರುಕುಗಳು ಮುಗಿದು ಓರೆ ಬಿರುಕುಗಳು ಶುರುವಾದಾಗ ಕುತ್ತಿಗೆ ಸೋಲತೊಡಗಿತು. ಸೋಲಬಾರದು, ಇದು ಅಧ್ಯಕ್ಷಗಿರಿಯ ಪ್ರಶ್ನೆ ಎಂದು ತೊಡೆ ಚಿವುಟಿಕೊಂಡೆ. ಕೋಷ್ಟಕಗಳು ಬಂದಾಗ ಅದೂ ಕೆಲಸ ಮಾಡಲಿಲ್ಲ. ಒಂದು ಗಂಟೆ ಹದಿನೈದು ನಿಮಿಷಕ್ಕೆ ಸರಿಯಾಗಿ ಅವರು ಓದು ನಿಲ್ಲಿಸಿ, ಸ್ಕೇಲು ತಂದು ನನ್ನ ತಲೆಯ ಮೇಲಿಟ್ಟು ಅಳೆದರು. ನಾಲ್ಕೂವರೆ ಇಂಚು ಬಾಗಿದ್ದೆ. ಒಂದು ಲೋಟ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಸಿ, ಹತ್ತು ನಿಮಿಷ ಸುಮ್ಮನೆ ಬಿಟ್ಟು, ಮತ್ತೆ ಅಳೆದರು.

"ಮೂರೂವರೆ ವಾಪಸ್ ಬಂದಿದೆ. ಪಾಸ್," ಎಂದು ಸಹಿ ಹಾಕಿದರು.

ನನ್ನೊಳಗಿನ ತಪಾಸಣೆಯವನು ಸುಮ್ಮನಿರಬೇಕಲ್ಲ. "ಉಳಿದ ಒಂದು ಇಂಚು ಏನಾಯ್ತು ಸಾಹೇಬ್ರೆ?" ಎಂದೆ.

"ಅದು ಪರ್ಮನೆಂಟು ಭಾಯ್. ಸಂಘದಲ್ಲಿ ಹನ್ನೊಂದು ವರ್ಷ ಇದ್ದೀರಿ. ಅಷ್ಟಾದ್ರೂ ಬಾಗಿರಲ್ವಾ?"

ಚಿಕ್ಕಪ್ಪನ ಪ್ರಚಾರ

ನಮ್ಮ ಮೂಲ ಮನೆ ಹೊರಮಾವು. ಅಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳು ಸೈಟುಗಳಾದ ಮೇಲೆ ನನ್ನ ಚಿಕ್ಕಪ್ಪನಿಗೆ ಕೈತುಂಬ ಬಿಡುವು. ಆ ಬಿಡುವನ್ನೆಲ್ಲ ಅವರು ಚುನಾವಣೆಗಳಿಗೆ ಕೊಟ್ಟಿದ್ದರು. ಪಂಚಾಯ್ತಿಯಿಂದ ಹಿಡಿದು ಹಾಲಿನ ಡೇರಿಯ ತನಕ ಅವರು ಓಡಾಡದ ಚುನಾವಣೆ ಇಲ್ಲ. ನಾನು ನಿಂತ ಸುದ್ದಿ ಕೇಳಿ ಬೆಳಿಗ್ಗೆಯೇ ಕಮ್ಮನಹಳ್ಳಿಯ ನನ್ನ ಮನೆಗೆ ಬಂದರು.

"ಏನ್ಲಾ, ಎಲೆಕ್ಷನ್‌ಗೆ ನಿಂತಿದ್ಯಂತೆ? ನಮ್ಗೊಂದ್ ಮಾತ್ ಹೇಳಾದಲ್ವಾ? ಯಾವ ಗುರ್ತು ಕೊಟ್ಟವ್ರೆ?"

"ಗುರ್ತು ಇಲ್ಲ ಚಿಕ್ಕಪ್ಪ. ಎಲ್ಲರೂ ಓದಿದವರು. ಹೆಸರು ನೋಡಿ ಓಟು ಹಾಕ್ತಾರೆ."

"ಎಲ್ರೂ ಓದ್ದೋರಾ?" ಚಿಕ್ಕಪ್ಪನ ಮುಖ ಬಾಡಿತು. "ಹಂಗಾದ್ರೆ ಕಷ್ಟ ಐತೆ."

ಒಟ್ಟು ಮತದಾರರು ಇನ್ನೂರು ಚಿಲ್ಲರೆ ಎಂದಾಗ ಸ್ವಲ್ಪ ಚೇತರಿಸಿಕೊಂಡರು. "ಅಷ್ಟೇನಾ? ಅದು ನಮ್ಮೂರ ಒಂದು ಬೀದಿ ಕಣ್ಲಾ. ಪಟ್ಟಿ ಕೊಡು, ಭಾನುವಾರ ಎಲ್ಲಾ ಮನೆ ಮುಗಿಸ್ಬಿಡ್ತೀನಿ." ಬೇಡ ಚಿಕ್ಕಪ್ಪ, ನಮ್ಮಲ್ಲಿ ಹಾಗೆ ಮನೆಮನೆಗೆ ಗುಂಪು ಕಟ್ಟಿಕೊಂಡು ಹೋಗುವುದಿಲ್ಲ ಎಂದೆ. "ಹೋಗಲ್ಲ ಅಂತ್ಲೇ ನೀನು ಹನ್ನೊಂದು ವರ್ಷದಿಂದ ಬೋಂಡ ಹಂಚ್ತಿರಾದು," ಎಂದರು. ಹೆಂಡತಿ ಅವರಿಗೆ ಎಲ್ಲ ಹೇಳಿಬಿಟ್ಟಿದ್ದಾಳೆ ಎಂದು ತಿಳಿಯಿತು. ಪಟ್ಟಿ ಕೊಟ್ಟೆ.

ಭಾನುವಾರ ಎಂಟು ಜನರನ್ನು ಟೆಂಪೊಗೆ ಹತ್ತಿಸಿಕೊಂಡು ಹೊರಟರು. ಸಂಜೆ ವಾಪಸ್ ಬಂದಾಗ ಚಿಕ್ಕಪ್ಪನ ಮುಖ ದೇವರ ದರ್ಶನ ಮಾಡಿ ಬಂದವರ ಹಾಗಿತ್ತು.

"ಪಟ್ಟಿನಾಗೆ ಮೊದಲ್ನೇ ಹೆಸ್ರು ಇಂದ್ರಾನಗರದ್ದು. ಏನ್ ಮನುಷ್ಯ ಅಂತೀಯಾ! ಎಂಟು ಜನಕ್ಕೂ ಕುರ್ಚಿ ಹಾಕ್ಸಿದ್ರು. ಕಾಫಿ ಕೊಡ್ಸಿದ್ರು, ಅದೂ ಕಪ್ಪು ಸಾಸರ್ನಾಗೆ. ರಾಗಿ ಹೊಲ ಹೆಂಗಿತ್ತು, ಕೆರೆ ಹೆಂಗಿತ್ತು ಅಂತ ಒಂದ್ ಗಂಟೆ ಕೇಳಿದ್ರು. ನಮ್ ಮನೇವ್ರೂ ಹಂಗೆ ಕೇಳಲ್ಲ."

ಪಟ್ಟಿ ಸದಸ್ಯತ್ವದ ಹಿರಿತನದ ಪ್ರಕಾರ ಇತ್ತು. ಮೊದಲ ಹೆಸರು ಚೀಫ್ ಅವರದು. "ಚಿಕ್ಕಪ್ಪ, ನನ್ನ ಎದುರಿಗೆ ನಿಂತಿರೋದೇ ಅವರು," ಎಂದೆ.

"ಗೊತ್ತು. ಅವ್ರೇ ಹೇಳಿದ್ರು. ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕಾಬೇಡ. ಹಿರೀರು. ಈ ಸಲಕ್ಕೆ ಅವ್ರಿಗೇ ಬಿಟ್ಟುಬಿಡು."

"ಉಳಿದ ಮನೆಗಳಿಗೆ ಹೋಗ್ಲಿಲ್ವಾ?"

"ಹೋಗ್ದೆ ಇರ್ತೀವಾ? ದೊಮ್ಲೂರು, ಹಲ್ಸೂರು, ಒಂದಿಪ್ಪತ್ತು ಮನೆ ಆಯ್ತು."

"ಹೋಗಿ?"

"ಇಂದ್ರಾನಗರದ ಸಾಹೇಬ್ರಿಗೇ ಓಟು ಹಾಕಿ ಅಂತ ಕೈ ಮುಗ್ದು ಬಂದ್ವಿ," ಎಂದರು ಚಿಕ್ಕಪ್ಪ. ಟೆಂಪೊಗೆ ಡೀಸೆಲ್ ಹಾಕಿಸಿದವನು ನಾನು.

ಹಲಸೂರಿನ ಮೋಟರು

ಚಿಕ್ಕಪ್ಪ ಕೆಡಿಸಿದ್ದನ್ನು ಸರಿಮಾಡಲು ನಾನೇ ಮನೆಮನೆ ಹತ್ತಬೇಕಾಯಿತು. ಹಲಸೂರಿನಲ್ಲಿ ಒಬ್ಬ ಹಿರಿಯ ಸದಸ್ಯರು, ಪಂಪುಗಳ ವಿನ್ಯಾಸದಲ್ಲೇ ಜೀವಮಾನ ಕಳೆದವರು. ಬಾಗಿಲು ತೆಗೆದದ್ದು ಅವರ ಹೆಂಡತಿ.

"ವಾಂಗ ತಂಬಿ. ನೀವೂ ಎಂಜಿನಿಯರ್ ತಾನೇ? ಮೂರ್ ದಿನ ಆಯ್ತು, ಮೋಟರ್ ಓಡ್ತಿಲ್ಲ. ಟ್ಯಾಂಕಲ್ಲಿ ಒಂದ್ ತೊಟ್ಟು ನೀರಿಲ್ಲ. ಸ್ವಲ್ಪ ನೋಡಿ."

ಯಜಮಾನರು ಒಳಗೆ ಪೇಪರು ಓದುತ್ತ ಕೂತಿದ್ದರು. ನಾನು ಅವರ ಕಡೆ ನೋಡಿದೆ. "ನಾನು ಡಿಸೈನ್," ಎಂದು ಅವರು ಪುಟ ತಿರುಗಿಸಿದರು.

ಓಟಿನ ಪ್ರಶ್ನೆ. ಹಿತ್ತಲಿಗೆ ಹೋಗಿ ಮೋಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಮುಟ್ಟಿ ನೋಡಿದೆ, ತಟ್ಟಿ ನೋಡಿದೆ, ಸ್ವಿಚ್ಚು ಹಾಕಿ ಕಿವಿಗೊಟ್ಟೆ, ಟಾರ್ಚು ತರಿಸಿ ಅಡಿಯೆಲ್ಲ ನೋಡಿದೆ. ಮುಕ್ಕಾಲು ಗಂಟೆ ಆಯಿತು. ಎದ್ದು ಕೈ ಒರೆಸಿಕೊಂಡು, ಮೂವತ್ತು ವರ್ಷದ ಅನುಭವದಿಂದ, ಖಚಿತವಾಗಿ ಹೇಳಿದೆ: "ಮೋಟರ್ ಕೆಟ್ಟಿದೆ."

"ಅದು ನಂಗೂ ಗೊತ್ತಲ್ಲ ತಂಬಿ?"

ಒಳಗಿಂದ ಯಜಮಾನರ ದನಿ ಬಂತು: "ತಪಾಸಣೆ ಅಂದ್ರೆ ಅಷ್ಟೇ ಕಣೇ. ಅವರ ಕೆಲಸ ಅವರು ಸರಿಯಾಗಿ ಮಾಡಿದ್ದಾರೆ. ನನ್ನ ಓಟು ಅವರಿಗೇ."

ಗೇಟಿನ ತನಕ ಬಂದ ಆಕೆ ಮೆಲ್ಲಗೆ ಹೇಳಿದರು: "ಓಟು ತಗೊಳ್ಳಪ್ಪ, ಬೇಡ ಅನ್ನಲ್ಲ. ಇನ್ನೊಂದ್ ಸಲ ಬರೋವಾಗ ಎಂಜಿನಿಯರ್ ಅಲ್ದೇ ಇರೋ ಯಾರನ್ನಾದ್ರೂ ಕರ್ಕೊಂಡ್ ಬಾ."

ನಕ್ಷೆಯಲ್ಲಿ ತಿಂಡಿ

ಚುನಾವಣೆಗೆ ಹತ್ತು ದಿನ ಇರುವಾಗ ಕೆ.ಆರ್. ಪುರದಲ್ಲಿ ಒಂದು ಸಭೆ. ಇಬ್ಬರು ಅಭ್ಯರ್ಥಿಗಳೂ ತಮ್ಮ ಯೋಜನೆ ಹೇಳಬೇಕು. ಚೀಫ್ ಎರಡೇ ನಿಮಿಷ ಮಾತಾಡಿ, ಇದುವರೆಗೆ ನಡೆದದ್ದೇ ಮುಂದೂ ನಡೆಯುತ್ತದೆ ಎಂದು ಕೂತರು. ನಾನು ಒಂದು ವಾರ ಕೂತು ಬರೆದಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರುಗಳಿಗೆ ತರಬೇತಿ, ಕಾರ್ಖಾನೆಗಳಿಗೆ ಭೇಟಿ, ವಲಯಕ್ಕೊಂದು ಗ್ರಂಥಾಲಯ, ಎಲ್ಲವನ್ನೂ ಹೇಳಿದೆ. ಚೆನ್ನಾಗಿಯೇ ಮಾತಾಡಿದೆ. ಪ್ರಶ್ನೆಗಳಿದ್ದರೆ ಕೇಳಿ ಎಂದೆ.

ಒಬ್ಬರು ಎದ್ದರು. "ನೀವು ಬಂದ್ರೆ ತಿಂಡಿ ಉಪನ್ಯಾಸಕ್ಕೆ ಮುಂಚೆನಾ, ಆಮೇಲಾ?"

ಇದು ಹಳೆಯ ತೊಡಕು. ಮುಂಚೆ ಕೊಟ್ಟರೆ ತಿಂದು ಹೊರಟುಹೋಗುತ್ತಾರೆ. ಆಮೇಲೆ ಕೊಟ್ಟರೆ ಉಪನ್ಯಾಸ ಮುಗಿಯುವ ಹೊತ್ತಿಗೆ ಬರುತ್ತಾರೆ. ನಾನು ಹಿಂದೆ ಒಂದು ಸಲ ನಡುವೆ ಕೊಟ್ಟು ನೋಡಿದ್ದೆ. ಆವತ್ತು ಉಪನ್ಯಾಸಕರೇ ವಾಪಸ್ ಬರಲಿಲ್ಲ.

ಈಗ ಸಭೆಗೆ ಜೀವ ಬಂತು. ನನ್ನ ಗ್ರಂಥಾಲಯದ ಮಾತು ಬರುವಾಗ ಕಣ್ಣು ಮುಚ್ಚಿದ್ದವರೆಲ್ಲ ನೆಟ್ಟಗೆ ಕೂತರು. ಕೆ.ಆರ್. ಪುರದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಒಬ್ಬರು ಕಪ್ಪುಹಲಗೆಯ ಹತ್ತಿರ ಹೋದರು. ಯಾರು ಎಷ್ಟು ಹೊತ್ತಿಗೆ ಬಂದರು, ಹೋದರು ಎಂದು ನಾನು ಹನ್ನೊಂದು ವರ್ಷ ಬರೆದಿಟ್ಟ ಹಾಜರಿ ಪುಸ್ತಕಗಳನ್ನು ಅವರು ಕಚೇರಿಯಿಂದ ತರಿಸಿಕೊಂಡು ಅಭ್ಯಾಸ ಮಾಡಿದ್ದರಂತೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ಜನ ಎಂದು ಗೆರೆ ಎಳೆದರು. ಗೆರೆ ನೆಲದಲ್ಲೇ ತೆವಳಿಕೊಂಡು ಬಂದು, ತಿಂಡಿಯ ಹೊತ್ತಿಗೆ ಗಕ್ಕನೆ ಮೇಲೆದ್ದು, ತಟ್ಟೆ ತೊಳೆಯುವ ಹೊತ್ತಿಗೆ ಮತ್ತೆ ನೆಲಕ್ಕೆ ಬಿತ್ತು. ಎಲ್ಲರೂ ಭೇಷ್ ಎಂದರು. ನನಗೂ ಹೆಮ್ಮೆಯೇ ಆಯಿತು. ಹಾಜರಿ ಬರೆದವನು ನಾನಲ್ಲವೇ?

"ಸಮಸ್ಯೆ ಇಲ್ಲಿದೆ ನೋಡಿ," ಎಂದು ಅವರು ತೆವಳುವ ಭಾಗವನ್ನು ತೋರಿಸಿದರು. "ಈ ಒಂದು ಗಂಟೆ ಪೂರ್ತಿ ವೇಸ್ಟ್. ಇಲ್ಲಿ ನಡೀತಿರೋದೇನು?"

"ಉಪನ್ಯಾಸ," ಎಂದೆ.

"ತೆಗೆದ್ಬಿಡಿ."

ಜೋರು ಚಪ್ಪಾಳೆ. ಇಡೀ ಪ್ರಚಾರದಲ್ಲಿ ನನ್ನ ಸಭೆಗೆ ಬಿದ್ದ ಚಪ್ಪಾಳೆ ಅದೊಂದೇ.

ಎಣಿಕೆ

ಓಟು ಅಂಚೆಯಲ್ಲಿ. ಸಂಘದಿಂದ ಪ್ರತಿಯೊಬ್ಬರ ಮನೆಗೂ ಒಂದು ಮತಪತ್ರ ಬರುತ್ತದೆ. ಎರಡು ಹೆಸರು, ಎರಡು ಚೌಕ. ಬೇಕಾದವರ ಮುಂದೆ ಒಂದು ಟಿಕ್ ಹಾಕಿ ಲಕೋಟೆಯಲ್ಲಿಟ್ಟು ವಾಪಸ್ ಕಳಿಸುವುದು. ನಿಯಮ ಒಂದೇ: ಓಟು ಹಾಕಿದವರು ಯಾರೆಂದು ತಿಳಿಯುವಂಥ ಯಾವ ಬರಹವೂ ಅದರ ಮೇಲೆ ಇರಕೂಡದು. ಇದ್ದರೆ ಓಟು ಅಸಿಂಧು.

ಒಂದು ಭಾನುವಾರ ಬೆಳಿಗ್ಗೆ ಹಲಸೂರಿನ ಸಭಾಂಗಣದಲ್ಲಿ ಎಣಿಕೆ. ಚುನಾವಣಾಧಿಕಾರಿ ಕಬ್ಬಿಣ ಕರಗಿಸುವ ಕಾರ್ಖಾನೆಯಿಂದ ನಿವೃತ್ತರಾದವರು, ನಿಯಮದ ವಿಚಾರದಲ್ಲಿ ತಾವು ಕರಗುವವರಲ್ಲ. ಮೇಜಿನ ಒಂದು ಕಡೆ ಚೀಫ್, ಇನ್ನೊಂದು ಕಡೆ ನಾನು. ಹಿಂದೆ ಇಪ್ಪತ್ತು ಮೂವತ್ತು ಸದಸ್ಯರು. ಗೆಲ್ಲುತ್ತೇನೆ ಎನ್ನುವ ನಂಬಿಕೆ ಇರಲಿಲ್ಲ. ಆದರೂ ಆಸೆ ಬಿಡಬೇಕಲ್ಲ.

ಅಧಿಕಾರಿಗಳು ಮೊದಲ ಲಕೋಟೆ ಒಡೆದರು. ಚೀಫ್ ಅವರಿಗೆ ಟಿಕ್. ಕೆಳಗೆ ಮೂಲೆಯಲ್ಲಿ ಚಿಕ್ಕ ಸಹಿ, ತಾರೀಕು. "ಸಹಿ ಇದೆ. ಅಸಿಂಧು," ಎಂದು ಪಕ್ಕಕ್ಕಿಟ್ಟರು. ಎರಡನೆಯದು. ಅದರಲ್ಲೂ ಸಹಿ. ಮೂರನೆಯದರಲ್ಲಿ ಸಹಿಯ ಪಕ್ಕ "ಪರಿಶೀಲಿಸಲಾಗಿದೆ" ಎಂದು ಬರೆದಿತ್ತು. ನಾಲ್ಕನೆಯದಕ್ಕೆ ಕಚೇರಿಯ ದುಂಡು ಮೊಹರು ಬೇರೆ.

ಸಭಾಂಗಣದಲ್ಲಿ ಮೆಲ್ಲಗೆ ಗುಜುಗುಜು ಶುರುವಾಯಿತು. ಯಾರಿಗೂ ವಿವರಿಸಬೇಕಾಗಿರಲಿಲ್ಲ. ಎಂಜಿನಿಯರನ ಮೇಜಿನ ಮೇಲೆ ಒಂದು ಹಾಳೆ ಬಂತೆಂದರೆ ಅದು ಮೂಲೆಯಲ್ಲಿ ಸಹಿಯಿಲ್ಲದೆ ಕೆಳಗಿಳಿಯುವುದಿಲ್ಲ. ನಕ್ಷೆಯಾಗಲಿ ಸುತ್ತೋಲೆಯಾಗಲಿ, ಕಣ್ಣು ಓದುತ್ತಿರುವಾಗಲೇ ಕೈ ತಾನಾಗಿ ಮೂಲೆಗೆ ಹೋಗಿರುತ್ತದೆ. ಇಡೀ ಪೂರ್ವ ವಲಯ ತನ್ನ ಮತಪತ್ರಕ್ಕೆ ಹಾಗೇ ಸಹಿ ಹಾಕಿ ಕಳಿಸಿತ್ತು.

ಕೆಲವರು ಅಷ್ಟಕ್ಕೇ ನಿಂತಿರಲಿಲ್ಲ. ಒಬ್ಬರು ಎರಡು ಚೌಕಗಳೂ ಒಂದೇ ಅಳತೆಯಲ್ಲಿಲ್ಲ ಎಂದು ಕೆಂಪು ಶಾಯಿಯಲ್ಲಿ ಅಳತೆ ಬರೆದು, "ತಿದ್ದಿ ಮತ್ತೆ ಕಳಿಸಿ" ಎಂದು ಸಹಿ ಹಾಕಿದ್ದರು. ಇನ್ನೊಬ್ಬರು "ನೋಡಿದ್ದೇನೆ. ಚರ್ಚಿಸಿ" ಎಂದಿದ್ದರು. ಮತ್ತೊಬ್ಬರು ನನಗೆ ಒಂದು ಟಿಕ್ ಹಾಕಿ, ಚೀಫ್ ಹೆಸರಿನ ಮುಂದೆಯೂ ಒಂದು ಹಾಕಿ "ಬದಲಿ ವ್ಯವಸ್ಥೆ" ಎಂದು ಬರೆದಿದ್ದರು. ಪಂಪುಗಳ ಯಜಮಾನರು ನನಗೇ ಓಟು ಹಾಕಿ, ಮತಪತ್ರವನ್ನು ಹೇಗೆ ಮಡಿಸಿದರೆ ಲಕೋಟೆಗೆ ಸಲೀಸಾಗಿ ಹೋಗುತ್ತದೆ ಎಂಬುದರ ಚಿತ್ರ ಬಿಡಿಸಿ ಕೆಳಗೆ ಹೆಸರು ಬರೆದಿದ್ದರು.

ಅಸಿಂಧು, ಅಸಿಂಧು, ಅಸಿಂಧು. ಗುಡ್ಡೆ ಬೆಳೆಯಿತು. ಅದರಲ್ಲಿ ಚೀಫ್ ಅವರಿಗೆ ಬಿದ್ದವೇ ಹೆಚ್ಚು ಎನ್ನುವುದು ಕಣ್ಣಿಗೇ ಕಾಣುತ್ತಿತ್ತು. ಎಲ್ಲವನ್ನೂ ಎಣಿಸಿದ್ದರೆ ನಾನು ಲಕ್ಷಣವಾಗಿ ಸೋಲುತ್ತಿದ್ದೆ.

ಆಗ ಅಧಿಕಾರಿಗಳು ಒಂದು ಪತ್ರ ಎತ್ತಿ ನನ್ನ ಕಡೆ ನೋಡಿದರು. ಮೂಲೆಯಲ್ಲಿ ನನ್ನ ಸಹಿ. ನಿಯಮವನ್ನು ಎರಡು ಸಲ ಓದಿಯೇ ಓಟು ಹಾಕಿದ್ದೆ. ನಿಯಮ ಓದಿ ಮುಗಿಸಿದ್ದಕ್ಕೆ ಸಹಿ ಹಾಕಿದ್ದೇನೆ ಎಂದು ಕಾಣುತ್ತದೆ. ಅದಕ್ಕಿಂತ ನಾಚಿಕೆಯೆಂದರೆ, ಟಿಕ್ ಇದ್ದದ್ದು ಚೀಫ್ ಹೆಸರಿನ ಮುಂದೆ. ಎಲ್ಲರೂ ನೋಡಿದರು. ಚೀಫ್ ಕೂಡ ಬಗ್ಗಿ ನೋಡಿದರು.

"ನೀವು ನಂಗೆ ಹಾಕಿದ್ದೀರಾ?"

"ನನಗೆ ನಾನೇ ಹಾಕ್ಕೊಳ್ಳೋಕೆ ಒಂಥರಾ ಆಯ್ತು ಸಾರ್," ಎಂದೆ. ಹಿಂದಿನಿಂದ ಸ್ಲ್ಯಾಬ್ ಸಾಹೇಬರು ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

ಕೊನೆಯ ಲಕೋಟೆಯ ತನಕವೂ ಅದೇ ಕಥೆ. ಎಲ್ಲ ಮುಗಿದ ಮೇಲೆ ಮೇಜಿನ ಈ ಕಡೆ ಗುಡ್ಡೆ, ಆ ಕಡೆ ಒಂದೇ ಒಂದು ಹಾಳೆ. ಸಹಿಯಿಲ್ಲ, ತಾರೀಕಿಲ್ಲ, ಮೊಹರಿಲ್ಲ. ಬಿಳಿ ಹಾಳೆಯ ಮೇಲೆ ಒಂದೇ ಟಿಕ್. ನನ್ನ ಹೆಸರಿನ ಮುಂದೆ.

"ಸಿಂಧುವಾದ ಮತ ಒಂದು," ಎಂದು ಅಧಿಕಾರಿಗಳು ಓದಿದರು. "ಒಂದಕ್ಕೆ ಸೊನ್ನೆಯ ಅಂತರದಿಂದ..."

"ತಡೀರಿ," ಎಂದರು ಚೀಫ್. ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇದು ನಂದು."

ಹಿಂದಿದ್ದವರೆಲ್ಲ ಮೇಜಿನ ಹತ್ತಿರಕ್ಕೆ ನುಗ್ಗಿದರು.

"ನೀವು ಅವರಿಗೆ ಹಾಕಿದ್ರಾ ಸಾರ್?" ಎಂದು ಅಧಿಕಾರಿಗಳು ಕೇಳಿದರು.

"ನಂಗೂ ಒಂಥರಾ ಆಗಲ್ವೇನ್ರೀ? ಇನ್ನೂರು ಜನದಲ್ಲಿ ಒಂದು ಓಟು ತಾನೇ, ಹೋಗ್ಲಿ ಅಂತ ಹಾಕ್ದೆ."

"ಅದು ಸರಿ ಸಾರ್. ಆದರೆ ಎಲ್ಲರೂ ಸಹಿ ಹಾಕಿದ್ದಾರೆ, ನೀವೊಬ್ಬರೇ ಹೇಗೆ ಹಾಕಲಿಲ್ಲ?"

ಚೀಫ್ ಬೆನ್ನು ನೆಟ್ಟಗೆ ಮಾಡಿ ಕೂತರು. "ನಾನು ಸುಮ್ನೆ ಸಹಿ ಹಾಕೋನಲ್ಲ. ಜೂನಿಯರ್ ಎಂಜಿನಿಯರ್, ಅಸಿಸ್ಟೆಂಟ್, ಎಕ್ಸಿಕ್ಯೂಟಿವ್, ಸೂಪರಿಂಟೆಂಡಿಂಗ್, ಕೆಳಗಿನ ನಾಲ್ಕೂ ಸಹಿ ಬಿದ್ದ ಮೇಲೇ ನನ್ನ ಸಹಿ. ಇಡೀ ಸರ್ವೀಸಲ್ಲಿ ಒಂದು ಕಾಗದಕ್ಕೂ ಅದನ್ನ ಮುರಿದಿಲ್ಲ. ಈ ಹಾಳೆ ಮೇಲೆ ಕೆಳಗಿನವರದು ಒಂದೂ ಸಹಿ ಇರ್ಲಿಲ್ಲ."

ಯಾರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ಸರ್ಕಾರಿ ಇಲಾಖೆಯವರು. ನ್ಯಾಯವಾದ ಮಾತು ಎಂದು ತಲೆದೂಗಿದರು.

ಚೀಫ್ ಅಷ್ಟಕ್ಕೆ ಸೋಲೊಪ್ಪುವವರಲ್ಲ. "ಈಗ ಇದು ಯಾರದು ಅಂತ ಎಲ್ಲರಿಗೂ ಗೊತ್ತಾಯ್ತಲ್ಲ. ಇದನ್ನೂ ಅಸಿಂಧು ಮಾಡಿ. ಹೊಸದಾಗಿ ಚುನಾವಣೆ ಮಾಡೋಣ."

ಕೈಗೆ ಬಂದದ್ದು ಹೋಯಿತು ಎಂದುಕೊಂಡೆ.

ಅಧಿಕಾರಿಗಳು ನಿಯಮದ ಪುಸ್ತಕ ತೆಗೆದು ಓದಿದರು. "ಬರಹ ಹಾಳೆಯ ಮೇಲೆ ಇರಬೇಕು ಸಾರ್. ನೀವು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ."

"ಅಷ್ಟೇ ತಾನೇ?" ಚೀಫ್ ಜೇಬಿನಿಂದ ಪೆನ್ನು ತೆಗೆದು ಕ್ಯಾಪು ಬಿಚ್ಚಿದರು. "ಕೊಡಿ ಇಲ್ಲಿ. ಈಗ್ಲೇ ಸಹಿ ಹಾಕ್ತೀನಿ."

ಎಣಿಕೆಯ ನಡುವೆ ಸಹಿ ಹಾಕಕೂಡದು ಎಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲವಾದ್ದರಿಂದ ಅಧಿಕಾರಿಗಳು ತಡೆಯಲಿಲ್ಲ. ಹಾಳೆಯನ್ನು ಚೀಫ್ ಮುಂದೆಯೇ ಸರಿಸಿದರು. ಚೀಫ್ ಪೆನ್ನನ್ನು ಮೂಲೆಗೆ ತಂದರು. ಅಲ್ಲೇ ನಿಲ್ಲಿಸಿದರು. ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು, ತಿರುಗಿಸಿ ಹಿಂಬದಿ ನೋಡಿದರು. ಪೆನ್ನು ಇನ್ನೊಮ್ಮೆ ಇಳಿಯಿತು, ಇನ್ನೊಮ್ಮೆ ಎದ್ದಿತು.

ಕೊನೆಗೆ ತಲೆಯೆತ್ತಿ ಹಿಂದೆ ನಿಂತಿದ್ದವರನ್ನೆಲ್ಲ ಒಂದು ಸುತ್ತು ನೋಡಿದರು.

"ಇಲ್ಲಿ ಜೂನಿಯರ್ ಎಂಜಿನಿಯರ್ ಯಾರಾದ್ರೂ ಇದ್ದೀರೇನ್ರೀ?"

ಯಾರೂ ಇರಲಿಲ್ಲ. ಚೀಫ್ ಪೆನ್ನಿನ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡರು. ನಾನು ಅಧ್ಯಕ್ಷನಾದೆ.